130 ಡಾಲರಿನ ಅತಿಮಾನವ

ಚಿತ್ರಕಥೆಯ ಪುಸ್ತಕವೆಂದರೆ ಮಕ್ಕಳ ಸೊತ್ತು. ದೊಡ್ಡವರು ಅದನ್ನು ರೈಲಿನಲ್ಲಿ ಹೊತ್ತು ಹೋಗದಿದ್ದಾಗ ತಿರುವಿಹಾಕಬಹುದೇ ಹೊರತು, ಅದರ ಮೇಲೆ ಅಭಿಪ್ರಾಯ ಕೊಡುವ ಗೋಜಿಗೆ ಹೋಗಬಾರದು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಆದರೆ ಈಚೆಗೆ ಕೊಂಡುತಂದ ಮೂರು ಸಂಪುಟಗಳನ್ನು ಓದಿ ಮುಗಿಸಿದ ಮೇಲೆ, ಈ ಭಾವನೆಗೆ ಒಂದು ತಿದ್ದುಪಡಿಯನ್ನು ಸೂಚಿಸಬೇಕೆಂದು ನನಗೆ ತೋರಿದೆ. ಮೂರೂ ಅಮೆರಿಕದ ಹಳೆಯ ಸೂಪರ್‌ಹೀರೋ ಕಥೆಗಳ ಮರುಮುದ್ರಣಗಳು: ಒಂದು ಸೂಪರ್‌ಮ್ಯಾನನ ಮೊದಮೊದಲ ಸಾಹಸಗಳು, ಇನ್ನೊಂದು ಕ್ಯಾಪ್ಟನ್ ಅಮೆರಿಕ, ಮತ್ತೊಂದು ಸ್ಪೈಡರ್‌ಮ್ಯಾನ್. ಅಂದು ಹತ್ತು, ಹನ್ನೆರಡು ಸೆಂಟಿಗೆ ಮಾರಾಟವಾದ ಸರಕಿಗೆ ಇಂದು ಕೊಡಬೇಕಾದ ಬೆಲೆಯ ವಿಚಾರವನ್ನು ಮನೆಯಲ್ಲಿ ಪ್ರಸ್ತಾಪಿಸದಿರುವುದೇ ಲೇಸು.

ಮೊದಲನೆಯ ಸಂಪುಟವೇ ನನ್ನನ್ನು ಹೆಚ್ಚಾಗಿ ಹಿಡಿದು ನಿಲ್ಲಿಸಿತು. 1938ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಪತ್ರಿಕೆಯಂಗಡಿಗಳಿಗೆ ‘ಆಕ್ಷನ್ ಕಾಮಿಕ್ಸ್’ ಎಂಬ ಮಾಸಿಕದ ಮೊದಲನೆಯ ಸಂಚಿಕೆ ಬಂದಿತು. ನೀಲಿ ಅಂಗಿ, ಕೆಂಪು ಹೊದಿಕೆ ತೊಟ್ಟವನೊಬ್ಬನು ಮೋಟಾರು ಕಾರನ್ನು ತಲೆಯ ಮೇಲೆತ್ತಿ ಬಂಡೆಗೆ ಅಪ್ಪಳಿಸುತ್ತಿದ್ದಾನೆ. ಮುಂದೆ ಒಬ್ಬನು ತಲೆಯ ಮೇಲೆ ಕೈಯಿಟ್ಟುಕೊಂಡು ಓಡುತ್ತಿದ್ದಾನೆ. ಇದು ಅದರ ಮುಖಚಿತ್ರ. ಒಳಗೆ 13 ಪುಟಗಳ ಕಥೆ. ಇಂದು ನಾವು ಬಲ್ಲ ಸೂಪರ್‌ಮ್ಯಾನ್ ಆಕಾಶದಲ್ಲಿ ಹಾರುತ್ತಾನೆ. ಆ ದಿನಗಳ ಸೂಪರ್‌ಮ್ಯಾನನಿಗೆ ಹಾರಲು ಬಾರದು. ಒಂದು ಮೈಲಿಯ ಎಂಟನೆಯ ಒಂದು ಭಾಗದಷ್ಟು ದೂರ ನೆಗೆಯಬಲ್ಲನು, ಅಷ್ಟೆ.

ಹಾರಲು ಬಾರದಿದ್ದುದರಿಂದಲೋ ಏನೋ, ಅವನ ಕಣ್ಣು ನೆಲದ ಮೇಲೆಯೇ ಇತ್ತು. ಆ ಮೊದಲ ಕಥೆಯಲ್ಲಿ ಅವನು ಎದುರಿಸುವುದು ಯಾವ ರಾಕ್ಷಸನನ್ನೂ ಅಲ್ಲ. ತಪ್ಪಿಲ್ಲದೆ ಮರಣದಂಡನೆಗೆ ಗುರಿಯಾದ ಹೆಂಗಸೊಬ್ಬಳನ್ನು ಉಳಿಸುತ್ತಾನೆ. ಹೆಂಡತಿಯನ್ನು ಹೊಡೆಯುವ ಗಂಡನಿಗೆ ಬುದ್ಧಿ ಕಲಿಸುತ್ತಾನೆ. ಕೊನೆಗೆ ರಾಜಧಾನಿಗೆ ಹೋಗಿ ಲಂಚಕೋರ ಸೆನೆಟ್ ಸದಸ್ಯನೊಬ್ಬನ ಬೆನ್ನು ಹತ್ತುತ್ತಾನೆ. ಎರಡನೆಯ ಸಂಚಿಕೆಯಲ್ಲಿ ಮದ್ದುಗುಂಡಿನ ವ್ಯಾಪಾರಿಯೊಬ್ಬನನ್ನು ಅವನದೇ ಗುಂಡು ಹಾರುವ ರಣರಂಗಕ್ಕೆ ಕರೆದೊಯ್ದು ನಿಲ್ಲಿಸುತ್ತಾನೆ. ಮೂರನೆಯದರಲ್ಲಿ, ಕೂಲಿಗಳ ಜೀವದ ಪರಿವೆಯಿಲ್ಲದ ಗಣಿಯ ಧಣಿಯೂ ಅವನ ಅತಿಥಿಗಳೂ ಗಣಿಯೊಳಗೇ ಸಿಕ್ಕಿಕೊಳ್ಳುವಂತೆ ಮಾಡುತ್ತಾನೆ. ಧಣಿಯು ಅಪಾಯದ ಗಂಟೆ ಬಾರಿಸಲು ಹೋದರೆ ಅದು ಕೆಟ್ಟಿದೆ! 1939ರ ಜನವರಿಯ ಸಂಚಿಕೆಯಲ್ಲಂತೂ ಬಡವರ ಹರಕುಮುರುಕು ಕೇರಿಯನ್ನು ತಾನೇ ಕೆಡವಿಬಿಡುತ್ತಾನೆ. ಸರ್ಕಾರವು ವಿಧಿಯಿಲ್ಲದೆ ಅಲ್ಲಿ ಹೊಸ ಮನೆಗಳನ್ನು ಕಟ್ಟಿಸಿಕೊಡಬೇಕಾಗುತ್ತದೆ.

‘ಬಡವನ ಕೋಪ ದವಡೆಗೆ ಮೂಲ’ ಎಂಬುದು ನಮ್ಮ ಗಾದೆ. ಆ ಗಾದೆಯನ್ನು ಸುಳ್ಳು ಮಾಡಬೇಕೆಂಬ ಬಡವನ ಕನಸೇ ಈ ಸೂಪರ್‌ಮ್ಯಾನ್ ಎಂದು ನನಗೆ ಅನ್ನಿಸಿತು. ಅದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಕಥೆ ಬರೆದ ಜೆರ್ರಿ ಸೀಗಲ್, ಚಿತ್ರ ಬರೆದ ಜೋ ಷುಸ್ಟರ್, ಇಬ್ಬರೂ 1914ರಲ್ಲಿ ಹುಟ್ಟಿದವರು. ಯುರೋಪಿನಿಂದ ವಲಸೆ ಬಂದ ಯಹೂದಿ ಮನೆತನಗಳ ಮಕ್ಕಳು. ಕ್ಲೀವ್‌ಲೆಂಡ್ ನಗರದ ಹೈಸ್ಕೂಲೊಂದರಲ್ಲಿ ಗೆಳೆಯರಾದವರು. 1929ರ ಆರ್ಥಿಕ ಕುಸಿತದ ತರುವಾಯದ ನಿರುದ್ಯೋಗದ ಕಾಲವದು. ಬಟ್ಟೆಯಂಗಡಿ ಇಟ್ಟಿದ್ದ ಸೀಗಲನ ತಂದೆ 1932ರಲ್ಲಿ, ಅಂಗಡಿಯಲ್ಲಿ ಕಳ್ಳತನ ನಡೆದ ಸಂದರ್ಭದಲ್ಲಿ ಕುಸಿದು ಸತ್ತನು. ಹುಡುಗರು ತಮ್ಮ ಅತಿಮಾನವನನ್ನು ಕಲ್ಪಿಸಿಕೊಂಡು ಹಲವು ವರ್ಷ ಪತ್ರಿಕಾ ಸಂಸ್ಥೆಗಳ ಬಾಗಿಲು ತಟ್ಟಿದರು. ಎಲ್ಲರೂ ಬೇಡವೆಂದರು. ಕೊನೆಗೆ 1938ರಲ್ಲಿ ಒಂದು ಪ್ರಕಾಶನ ಸಂಸ್ಥೆಯು ಪುಟಕ್ಕೆ 10 ಡಾಲರಿನಂತೆ 13 ಪುಟಗಳಿಗೆ 130 ಡಾಲರನ್ನು ಕೊಟ್ಟಿತು. ಪ್ರತಿಯಾಗಿ ಅವರು ಸಹಿ ಹಾಕಿಕೊಟ್ಟುದು ಸೂಪರ್‌ಮ್ಯಾನನ ಸಮಸ್ತ ಹಕ್ಕುಗಳನ್ನು!

ಒಂದು ವರ್ಷ ತುಂಬುವುದರೊಳಗೆ, ಬೇಡವೆಂದಿದ್ದ ದಿನಪತ್ರಿಕೆಗಳಲ್ಲೇ ಸೂಪರ್‌ಮ್ಯಾನ್ ಪ್ರತಿನಿತ್ಯ ಕಾಣಿಸಿಕೊಳ್ಳತೊಡಗಿದನು. 1940ಕ್ಕೆ ರೇಡಿಯೋ, ಆಮೇಲೆ ಸಿನಿಮಾ. ಆದರೆ ಕೀರ್ತಿಯೊಡನೆ ಅವನ ಗುಣವೂ ಬದಲಾಯಿತು. ಗಣಿಯ ಧಣಿಯೂ ಲಂಚಕೋರ ಸೆನೆಟ್ ಸದಸ್ಯನೂ ಹಿಂದೆ ಸರಿದರು. ಹುಚ್ಚು ವಿಜ್ಞಾನಿಗಳು ಮುಂದೆ ಬಂದರು. ಲಕ್ಷಾಂತರ ಪ್ರತಿ ಮಾರಾಟವಾಗುವ ನಾಯಕನು ಯಾರ ಮನಸ್ಸನ್ನೂ ನೋಯಿಸಬಾರದಷ್ಟೆ! ಸಂಪುಟದ ಕೊನೆಕೊನೆಯ ಕಥೆಗಳು ನನಗೆ ಸಪ್ಪೆಯಾಗಿ ಕಂಡುದಕ್ಕೆ ಇದೇ ಕಾರಣ.

ಎರಡನೆಯ ಸಂಪುಟದ ಕ್ಯಾಪ್ಟನ್ ಅಮೆರಿಕ ಹುಟ್ಟಿದ್ದು 1940ರ ಡಿಸೆಂಬರಿನಲ್ಲಿ. ಜೋ ಸೈಮನ್, ಜ್ಯಾಕ್ ಕರ್ಬಿ ಎಂಬ ಇನ್ನಿಬ್ಬರು ಯಹೂದಿ ತರುಣರ ಸೃಷ್ಟಿ ಅದು. ಮೊದಲ ಸಂಚಿಕೆಯ ಮುಖಪುಟದಲ್ಲೇ ನಾಯಕನು ಹಿಟ್ಲರನ ದವಡೆಗೆ ಗುದ್ದುತ್ತಾನೆ. ಅಮೆರಿಕವು ಯುದ್ಧಕ್ಕೆ ಇಳಿದುದು ಅದಾದ ಒಂದು ವರ್ಷದ ಮೇಲೆ ಎಂಬುದನ್ನು ನೆನೆದರೆ, ಹತ್ತು ಸೆಂಟಿನ ಪುಸ್ತಕವು ದೊಡ್ಡ ದೊಡ್ಡ ರಾಜಕಾರಣಿಗಳಿಗಿಂತ ಮೊದಲು ಬಾಯಿ ಬಿಟ್ಟಿತೆನ್ನಬೇಕು. ಕಥೆಗಳ ಹೆಣಿಗೆ ಮಾತ್ರ ಒರಟು. ಪುಟ ತಿರುವಿದಂತೆಲ್ಲ ಹೊಡೆತದ ಮೇಲೆ ಹೊಡೆತ. ಕರ್ಬಿಯ ರೇಖೆಗಳ ರಭಸಕ್ಕಾಗಿ ನೋಡಬಹುದು, ಓದಲು ಕಷ್ಟ.

ಯುದ್ಧ ಮುಗಿದ ಮೇಲೆ ಈ ನಾಯಕರ ಅದೃಷ್ಟ ಇಳಿಯಿತು. ಕಾಮಿಕ್ಸಿನಿಂದ ಮಕ್ಕಳು ಕೆಡುತ್ತಾರೆಂಬ ಕೂಗು ಎದ್ದು, 1948ರಲ್ಲಿ ಕೆಲವು ಊರುಗಳಲ್ಲಿ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯನು 1954ರಲ್ಲಿ ಇದೇ ವಾದವನ್ನು ಗ್ರಂಥವಾಗಿ ಬರೆದನು. ಆತನು ದುಷ್ಟನಲ್ಲ, ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ಬಡ ಕರಿಯ ಜನರಿಗಾಗಿ ಚಿಕಿತ್ಸಾಲಯ ನಡೆಸಿದವನು. ಆದರೆ ತನ್ನ ವಾದಕ್ಕೆ ಹೊಂದುವಂತೆ ಮಕ್ಕಳ ಹೇಳಿಕೆಗಳನ್ನು ಆತನು ತಿದ್ದಿದ್ದನೆಂಬುದನ್ನು ಕ್ಯಾರಲ್ ಟಿಲ್ಲಿ ಎಂಬ ವಿದುಷಿ 2012ರಲ್ಲಿ ಆತನ ಕಾಗದಪತ್ರಗಳಿಂದಲೇ ತೋರಿಸಿದರು. ಅಷ್ಟರಲ್ಲಿ ಆಗಬೇಕಾದುದು ಆಗಿಹೋಗಿತ್ತು. 1954ರಲ್ಲೇ ಪ್ರಕಾಶಕರು ತಮಗೆ ತಾವೇ ಒಂದು ಕಟ್ಟುಕಟ್ಟಳೆಯನ್ನು ವಿಧಿಸಿಕೊಂಡರು. ಅಧಿಕಾರಿಗಳಿಗೆ ಅಗೌರವ ತರುವ ಚಿತ್ರಣ ಕೂಡದೆಂಬುದೂ ಅದರಲ್ಲಿ ಒಂದು. 1938ರ ಸೂಪರ್‌ಮ್ಯಾನ್ ಆ ಪರೀಕ್ಷೆಯಲ್ಲಿ ಎಂದಿಗೂ ತೇರ್ಗಡೆಯಾಗುತ್ತಿರಲಿಲ್ಲ.

ಮೂರನೆಯ ಸಂಪುಟವನ್ನು ತೆರೆದಾಗ ಹಳೆಯ ಗಾಳಿ ಮತ್ತೆ ಬೀಸಿದಂತಾಯಿತು. ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ 1962ರಲ್ಲಿ ಹೊರತಂದ ಸ್ಪೈಡರ್‌ಮ್ಯಾನ್ ಒಬ್ಬ ಶಾಲಾಹುಡುಗ. ಗೋಡೆ ಹತ್ತಬಲ್ಲನು, ಆದರೆ ಮನೆಯ ಬಾಡಿಗೆಯ ಚಿಂತೆಯನ್ನು ಹತ್ತಿ ದಾಟಲಾರನು. ಗೆದ್ದು ಬಂದ ದಿನವೂ ಪತ್ರಿಕೆ ಅವನನ್ನು ಬೈಯುತ್ತದೆ. ಮೂರರಲ್ಲಿ ಓದಲು ಅತ್ಯಂತ ಹಿತವಾದುದು ಇದೇ. ಆದರೂ ಒಂದು ಭೇದವನ್ನು ಹೇಳಲೇಬೇಕು: ಸ್ಪೈಡರ್‌ಮ್ಯಾನ್ ಬಾಡಿಗೆ ಕೊಡಲು ಒದ್ದಾಡುತ್ತಾನೆ, ಮೊದಲ ಸೂಪರ್‌ಮ್ಯಾನ್ ಮನೆಗಳು ಅಷ್ಟು ಹಾಳಾಗಿರುವುದೇಕೆಂದು ಕೇಳಿದನು.

ಅನ್ಯಾಯಕ್ಕೆ ಒಳಗಾದವರ ಪರ ನಿಂತ ಆ ನಾಯಕನು ತನ್ನನ್ನು ಹೆತ್ತವರಿಗೆ ಮಾತ್ರ ಒದಗಲಿಲ್ಲ. ಸೀಗಲ್ ಮತ್ತು ಷುಸ್ಟರ್ 1947ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಮರುವರ್ಷ ರಾಜಿಯಾಗಿ ಒಂದಿಷ್ಟು ಹಣ ಬಂದರೂ, ಸೂಪರ್‌ಮ್ಯಾನ್ ಅವರ ಕೈತಪ್ಪಿಯೇ ಹೋದನು; ಪುಸ್ತಕಗಳಿಂದ ಅವರ ಹೆಸರೂ ಮಾಯವಾಯಿತು. 1975ರಲ್ಲಿ ಸೂಪರ್‌ಮ್ಯಾನನ ಭಾರಿ ಚಲನಚಿತ್ರದ ಸುದ್ದಿ ಹರಡಿದಾಗ ಸೀಗಲ್ ಗುಮಾಸ್ತನಾಗಿದ್ದನು. ಷುಸ್ಟರನ ಕಣ್ಣು ಬಹುಮಟ್ಟಿಗೆ ಹೋಗಿತ್ತು. ಸೀಗಲ್ ತಮ್ಮ ಕಥೆಯನ್ನು ಪತ್ರಿಕೆಗಳಿಗೆ ಬರೆದನು. ನೀಲ್ ಆಡಮ್ಸ್, ಜೆರ್ರಿ ರಾಬಿನ್‌ಸನ್ ಮೊದಲಾದ ಚಿತ್ರಕಾರರು ಬೆಂಬಲಕ್ಕೆ ನಿಂತರು. ಕೊನೆಗೆ ಆ ವರ್ಷದ ಡಿಸೆಂಬರಿನಲ್ಲಿ ಸಂಸ್ಥೆಯು ಒಬ್ಬೊಬ್ಬರಿಗೆ ವರ್ಷಕ್ಕೆ 20,000 ಡಾಲರ್ ಕೊಡಲೂ, ಅವರ ಹೆಸರನ್ನು ಮರಳಿ ಅಚ್ಚು ಮಾಡಲೂ ಒಪ್ಪಿತು. ಷುಸ್ಟರ್ 1992ರಲ್ಲಿಯೂ ಸೀಗಲ್ 1996ರಲ್ಲಿಯೂ ತೀರಿಕೊಂಡರು. ಆ 130 ಡಾಲರು ಅಡಕವಾಗಿದ್ದ ಹಳೆಯ ಚೆಕ್ಕಿನ ಕಾಗದವೊಂದೇ 2012ರಲ್ಲಿ 1,60,000 ಡಾಲರಿಗೆ ಹರಾಜಾಯಿತು. 2024ರಲ್ಲಿ ಮೊದಲ ಸಂಚಿಕೆಯ ಒಂದು ಪ್ರತಿಗೆ 60 ಲಕ್ಷ ಡಾಲರು ಬಂದಿತು.

ಇಷ್ಟೆಲ್ಲ ತಿಳಿದ ಮೇಲೂ ಈ ಪುಸ್ತಕಗಳನ್ನು ಮಕ್ಕಳ ಕೈಗೆ ಕೊಡಬಹುದೇ ಎಂದರೆ, ಧಾರಾಳವಾಗಿ ಕೊಡಬಹುದು ಎಂಬುದೇ ನನ್ನ ಅಭಿಪ್ರಾಯ. ಮೂರನ್ನೂ ಕೊಳ್ಳುವ ಅನುಕೂಲವಿಲ್ಲದವರು ಮೊದಲನೆಯದನ್ನು ಕೊಳ್ಳಲಿ. ಚಿತ್ರಗಳು ಒರಟು, ಮಾತು ಬಾಲಿಶ. ಆದರೆ ಗಣಿಯೊಳಗೆ ಕೆಟ್ಟ ಗಂಟೆಯ ಮುಂದೆ ಬೆಪ್ಪಾಗಿ ನಿಂತ ಧಣಿಯ ಮುಖವನ್ನು ಯಾವ ಮಗುವೂ ಬೇಗ ಮರೆಯಲಾರದು. ಪುಟ ತಿರುವುವಾಗ ಸೀಗಲ್, ಷುಸ್ಟರ್ ಎಂಬ ಎರಡು ಹೆಸರುಗಳನ್ನೂ ಮಕ್ಕಳಿಗೆ ತೋರಿಸುವುದು ಒಳ್ಳೆಯದು. ಅವು ಆ ಜಾಗಕ್ಕೆ ಮರಳಿ ಬರಲು ಇಪ್ಪತ್ತೇಳು ವರ್ಷ ಹಿಡಿಯಿತು.