ಸ್ಥಳೀಯ ಆಡಳಿತದ ಸಭೆಗಳಲ್ಲಿ ಪ್ರಾರ್ಥನೆ: ಅಮೆರಿಕದ ಗ್ರೀಸ್ ಪಟ್ಟಣದ ಪ್ರಕರಣ

ಸರ್ಕಾರಿ ಸಭೆಯನ್ನು ಪ್ರಾರ್ಥನೆಯಿಂದ ಆರಂಭಿಸುವುದು ಧರ್ಮ ಮತ್ತು ಪ್ರಭುತ್ವಗಳ ಪ್ರತ್ಯೇಕತೆಗೆ ಭಂಗವೇ? ಅಮೆರಿಕದಲ್ಲಿ ಈ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಆ ದೇಶದಲ್ಲಿ ನೆಲೆಸಿರುವ ಸದ್ಭಕ್ತರಿಗೂ ಈ ವಿಷಯದ ತಿಳಿವಳಿಕೆ ಅಗತ್ಯ.

ಹಿನ್ನೆಲೆ

1791ರಲ್ಲಿ ಜಾರಿಗೆ ಬಂದ ಅಮೆರಿಕ ಸಂವಿಧಾನದ ಮೊದಲನೆಯ ತಿದ್ದುಪಡಿಯು, ಧರ್ಮವನ್ನು ಪ್ರತಿಷ್ಠಾಪಿಸುವ ಕಾನೂನನ್ನಾಗಲಿ ಧರ್ಮಾಚರಣೆಯ ಸ್ವಾತಂತ್ರ್ಯವನ್ನು ತಡೆಯುವ ಕಾನೂನನ್ನಾಗಲಿ ರಚಿಸಕೂಡದೆಂದು ವಿಧಿಸುತ್ತದೆ. ಸರ್ಕಾರಿ ಶಾಲೆಗಳಲ್ಲಿ ಸರ್ಕಾರವೇ ರಚಿಸಿದ ಪ್ರಾರ್ಥನೆಯನ್ನು ಹೇಳಿಸುವುದು ಸಂವಿಧಾನಬಾಹಿರವೆಂದು 1962ರಲ್ಲಿ ತೀರ್ಪು ಬಂದಿತು. ಆದರೆ 1983ರಲ್ಲಿ ಅದೇ ನ್ಯಾಯಾಲಯವು ನೆಬ್ರಾಸ್ಕ ರಾಜ್ಯದ ಶಾಸನಸಭೆಯ ಪ್ರಾರ್ಥನೆಯನ್ನು ದೇಶದ ಹಳೆಯ ಸಂಪ್ರದಾಯವೆಂದು ಎತ್ತಿಹಿಡಿಯಿತು.

ಪ್ರಕರಣ

ನ್ಯೂಯಾರ್ಕ್ ರಾಜ್ಯದ ಗ್ರೀಸ್ ಪಟ್ಟಣದಲ್ಲಿ 1999ರಿಂದ ಪಟ್ಟಣ ಮಂಡಳಿಯ ಮಾಸಿಕ ಸಭೆಗಳು ಸ್ಥಳೀಯ ಧರ್ಮಗುರುಗಳ ಪ್ರಾರ್ಥನೆಯಿಂದ ಆರಂಭವಾಗುತ್ತಿದ್ದವು. 2007ರವರೆಗೆ ಪ್ರಾರ್ಥನೆ ಸಲ್ಲಿಸಿದವರೆಲ್ಲರೂ ಕ್ರೈಸ್ತರೇ. ಇಬ್ಬರು ನಿವಾಸಿಗಳು ಆಕ್ಷೇಪಿಸಿ ನ್ಯಾಯಾಲಯದ ಮೆಟ್ಟಿಲೇರಿದರು. ಬಳಿಕ 2008ರಲ್ಲಿ ಯೆಹೂದ್ಯ ಹಾಗೂ ಬಹಾಯಿ ಧರ್ಮೀಯರಿಗೂ ಅವಕಾಶ ದೊರೆಯಿತು.

ತೀರ್ಪು

2014ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯವು 5–4ರ ಬಹುಮತದಿಂದ ಪಟ್ಟಣದ ಪರವಾಗಿ ತೀರ್ಪಿತ್ತಿತು. ಪ್ರಾರ್ಥನೆಯು ಸರ್ವಮತಗಳಿಗೂ ಒಪ್ಪುವಂತಿರಲೇಬೇಕೆಂಬ ನಿಯಮವಿಲ್ಲ. ಹಾಗೆ ವಿಧಿಸಿದರೆ ಸರ್ಕಾರವೇ ಪ್ರಾರ್ಥನೆಯ ಪದಗಳನ್ನು ತಿದ್ದಬೇಕಾದೀತು ಎಂದು ನ್ಯಾಯಮೂರ್ತಿ ಕೆನಡಿ ಅಭಿಪ್ರಾಯಪಟ್ಟರು. ಆದರೆ ಪ್ರಾರ್ಥನೆಯ ಅವಕಾಶವು ಅನ್ಯಮತಗಳ ನಿಂದೆಗಾಗಲಿ, ಮತಾಂತರದ ಪ್ರಚಾರಕ್ಕಾಗಲಿ, ನಾಗರಿಕರ ಮೇಲಿನ ಒತ್ತಾಯಕ್ಕಾಗಲಿ ಬಳಕೆಯಾಗಬಾರದೆಂದರು.

ಭಿನ್ನಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಕೇಗನ್ ಅವರು ಪ್ರಾರ್ಥನೆಯನ್ನೇ ನಿಷೇಧಿಸಬೇಕೆನ್ನಲಿಲ್ಲ. ಶಾಸನಸಭೆಯಲ್ಲಿ ಪ್ರಾರ್ಥನೆ ಸದಸ್ಯರಿಗಾಗಿ ನಡೆಯುತ್ತದೆ. ಪಟ್ಟಣದ ಸಭೆಗಾದರೋ ಸಾಮಾನ್ಯ ನಾಗರಿಕರೇ ತಮ್ಮ ಅಹವಾಲು ಹೊತ್ತು ಬರುತ್ತಾರೆ. ತನ್ನದಲ್ಲದ ಪ್ರಾರ್ಥನೆಯಲ್ಲಿ ಪಾಲ್ಗೊಳ್ಳದೆ ಕುಳಿತವನು, ಮರುಕ್ಷಣವೇ ಅದೇ ಮಂಡಳಿಯ ಮುಂದೆ ಅರ್ಜಿದಾರನಾಗಿ ನಿಲ್ಲಬೇಕು. ಅವರ ವಾದದ ತಿರುಳು ಇದೇ. ಬೇರೆ ಬೇರೆ ಧರ್ಮಗಳವರನ್ನು ಆಹ್ವಾನಿಸಿದ್ದರೆ ಅಥವಾ ಎಲ್ಲರನ್ನೂ ಒಳಗೊಳ್ಳುವಂತೆ ಪ್ರಾರ್ಥಿಸಲು ಕೋರಿದ್ದರೆ ದೋಷ ನೀಗುತ್ತಿತ್ತೆಂದು ಅವರು ತಿಳಿಸಿದರು.

ಮರುವರ್ಷ, 2015ರಲ್ಲಿ, ನೆರೆಯ ಕೆನಡಾದ ಸರ್ವೋಚ್ಚ ನ್ಯಾಯಾಲಯವು ಭಿನ್ನ ಹಾದಿ ಹಿಡಿಯಿತು. ಕ್ವಿಬೆಕ್ ಪ್ರಾಂತದ ಸಾಗನೆ ನಗರಸಭೆಯ ಪ್ರಾರ್ಥನೆಯು ಪ್ರಭುತ್ವದ ಧಾರ್ಮಿಕ ತಟಸ್ಥತೆಗೆ ವಿರುದ್ಧವೆಂದು ಸಾರಿ, ಅದನ್ನು ನಿಲ್ಲಿಸುವಂತೆ ಆದೇಶಿಸಿತು.

ಗಮನಿಸಬೇಕಾದುದು

ಗ್ರೀಸ್ ತೀರ್ಪಿನನ್ವಯ ಪ್ರಾರ್ಥನೆಗೆ ಅವಕಾಶವಿದೆ, ಕಡ್ಡಾಯವಿಲ್ಲ. ಅವಕಾಶವಿತ್ತ ಮೇಲೆ ಧರ್ಮದ ಆಧಾರದಲ್ಲಿ ಭೇದವೆಣಿಸುವಂತಿಲ್ಲ. ಆದ್ದರಿಂದ ಅಲ್ಲಿನ ನಮ್ಮ ಬಂಧುಗಳೂ ಇಂತಹ ಸಭೆಗಳಲ್ಲಿ ಪ್ರಾರ್ಥನೆಗೆ ಅವಕಾಶ ಕೋರಬಹುದು. ಮನಸ್ಸೊಪ್ಪದಿದ್ದರೆ ಪಾಲ್ಗೊಳ್ಳದೆಯೂ ಇರಬಹುದು.

ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಪೂಜಿಸುವ ನಮಗೆ ಪ್ರಾರ್ಥನೆ ಅಂತರಂಗದ ವಿಷಯವೆಂಬುದು ಹೊಸದಲ್ಲ. ಹೊರದೇಶದಲ್ಲಿ ನಾವು ಅಲ್ಪಸಂಖ್ಯಾತರು. ನಮ್ಮೂರಿನ ಸಭೆಗಳಲ್ಲಿ ಹಲವೆಡೆ ನಾವೇ ಬಹುಸಂಖ್ಯಾತರು. ಅಲ್ಲಿ ನಾವು ಬಯಸುವ ಗೌರವವನ್ನು ಇಲ್ಲಿ ಮೌನವಾಗಿ ಕುಳಿತ ಒಬ್ಬರಿಗೂ ಸಲ್ಲಿಸುವುದು ನಮ್ಮ ಹೊಣೆ.