ಹರಿಶ್ಚಂದ್ರ ಘಾಟಿನ ಲೆಕ್ಕಕ್ಕೆ ಸಿಗದ ಮಕ್ಕಳು: ಆಸ್ಪತ್ರೆಗಳು ಹಸಿವನ್ನು ಅಳೆಯಲು ಕಲಿತ ಕಥೆ

ಕಾಶಿಗೆ ಮೊದಲ ಬಾರಿ ಹೋದ ಕನ್ನಡಿಗನಿಗೂ ಹರಿಶ್ಚಂದ್ರ ಘಾಟ್ ಅಪರಿಚಿತ ಸ್ಥಳವೆನಿಸುವುದಿಲ್ಲ. ರಾಘವಾಂಕನ ಕಾವ್ಯ, ಹಳ್ಳಿಯ ಬಯಲಾಟ, 1965ರ ‘ಸತ್ಯ ಹರಿಶ್ಚಂದ್ರ’ ಚಿತ್ರ, ಇವು ಆ ಸುಡುಗಾಡನ್ನು ನಮ್ಮ ಮನೆಯಂಗಳದವರೆಗೆ ತಂದಿವೆ. ಘಾಟಿನ ಸಮೀಪದಲ್ಲೇ ಕರ್ನಾಟಕದ ಹೆಸರನ್ನು ಹೊತ್ತ ಇನ್ನೊಂದು ಘಾಟೂ ಇದೆ. ಸತ್ತ ಮಗನನ್ನು ಎತ್ತಿಕೊಂಡು ಬಂದ ಚಂದ್ರಮತಿಯ ಮುಂದೆ ಮಸಣದ ಕಾವಲುಗಾರನು ಸುಂಕ ಕೇಳಿದ ಪ್ರಸಂಗವನ್ನು ನಾವು ಸತ್ಯದ ಪರೀಕ್ಷೆಯೆಂದು ಓದುತ್ತ ಬಂದಿದ್ದೇವೆ. ಲೋಹಿತಾಶ್ವ ಹೇಗೆ ಸತ್ತನೆಂದು ಯಾರನ್ನು ಕೇಳಿದರೂ ಹಾವು ಕಚ್ಚಿ ಸತ್ತನೆಂದೇ ಉತ್ತರ ಬರುತ್ತದೆ. ಆ ಉತ್ತರ ಸರಿಯೇ. ಆದರೆ ಅರಸುಮಗನೊಬ್ಬ ಹಾವಿರುವ ಕಾಡಿಗೆ ಹೋಗಬೇಕಾಗಿ ಬಂದುದು ಅವನು ಮಾರಾಟವಾಗಿ ಪರರ ಮನೆಯ ಆಳಾಗಿದ್ದುದರಿಂದ. ಸಾವಿಗೆ ಎದುರಿನ ಕಾರಣವೊಂದು, ಹಿಂದಿನ ಕಾರಣ ಇನ್ನೊಂದು. ಮಕ್ಕಳ ವೈದ್ಯವು ಈ ಎರಡನೆಯ ಕಾರಣವನ್ನು ಕಾಣಲು ಕಲಿತ ಇತಿಹಾಸವೇ ಈ ಬರಹದ ವಸ್ತು.

ಆ ಘಾಟಿನ ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಮಗನ ಚಿತೆಯ ಕಥೆಯಿಂದ ಹೆಸರಾದ ಈ ತೀರದಲ್ಲಿ ಎಳೆಯ ಮಕ್ಕಳಿಗೆ ಚಿತೆಯಿಲ್ಲ. ಕೂಸುಗಳನ್ನು ಸುಡದೆ, ಕಲ್ಲು ಕಟ್ಟಿ ಗಂಗೆಗೆ ಬಿಡುವುದು ಕಾಶಿಯ ರೂಢಿ. ನಮ್ಮ ಕಡೆಯಲ್ಲಿಯೂ ಅವನ್ನು ಹೂಳುತ್ತಾರೆಯೇ ಹೊರತು ಸುಡುವುದಿಲ್ಲ. ಹಾಗಾಗಿ ಕಟ್ಟಿಗೆಯ ತೂಕದ ಲೆಕ್ಕದಲ್ಲಿ, ಚಿತೆಗಳ ಎಣಿಕೆಯಲ್ಲಿ, ಅತ್ಯಂತ ಚಿಕ್ಕವರು ಸೇರುವುದೇ ಇಲ್ಲ. ಅವರ ಸಾವಿನ ಕಾರಣವನ್ನು ತಿಳಿಯಬೇಕಾದರೆ ಘಾಟಿನ ಮೆಟ್ಟಿಲುಗಳನ್ನು ಬಿಟ್ಟು ಆಸ್ಪತ್ರೆಯ ಕಾಗದಗಳ ಬಳಿಗೆ ಹೋಗಬೇಕು. ಬಹುಕಾಲ ಆ ಕಾಗದಗಳಲ್ಲಿಯೂ ಹಾವಿನ ಹೆಸರು ಮಾತ್ರ ಇರುತ್ತಿತ್ತು: ಭೇದಿ, ನ್ಯುಮೋನಿಯಾ, ದಡಾರ.

ಹಸಿವಿಗೆ ರೋಗದ ಹೆಸರು ಸಿಕ್ಕಿದ್ದೇ ತಡವಾಗಿ. ಒಣಗಿ ಕಡ್ಡಿಯಾಗುವ ಮಗುವಿಗೆ ಹಿಂದಿ ನಾಡಿನಲ್ಲಿ ‘ಸೂಖಾ ರೋಗ’ ಎನ್ನುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ದೃಷ್ಟಿ, ಬಾಲಗ್ರಹ ಎಂದು ತಾಯತ ಕಟ್ಟಿಸುತ್ತಿದ್ದರು. ಇಂದು ಘಾನಾ ಎನಿಸಿಕೊಂಡಿರುವ ಅಂದಿನ ಗೋಲ್ಡ್ ಕೋಸ್ಟಿನಲ್ಲಿ ಕೆಲಸಮಾಡುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್, ಮೈ ಬಾತು ಚರ್ಮ ಸುಲಿದು ಸಾಯುವ ಮಕ್ಕಳ ಬಗ್ಗೆ 1933ರಲ್ಲಿ ಬರೆದರು. 1935ರಲ್ಲಿ ಅದಕ್ಕೆ ಅಲ್ಲಿನ ಗಾ ಭಾಷೆಯ ‘ಕ್ವಾಷಿಯೋರ್ಕರ್’ ಎಂಬ ಹೆಸರನ್ನೇ ಉಳಿಸಿ ಪ್ರಕಟಿಸಿದರು. ಮತ್ತೊಂದು ಕೂಸು ಹುಟ್ಟಿದಾಗ ಎದೆಹಾಲು ತಪ್ಪಿದ ಹಿರಿಯ ಮಗುವಿಗೆ ಬರುವ ಕಾಯಿಲೆ ಎಂಬುದು ಆ ಪದದ ಆಶಯ. ಆ ಊರಿನ ತಾಯಂದಿರು ಹಿಂದಿನ ಕಾರಣವನ್ನು ಹೆಸರಿನಲ್ಲೇ ಹೇಳಿಬಿಟ್ಟಿದ್ದರು.

ಹೆಸರು ಬಂದಮೇಲೆ ಅಳತೆ ಬರಬೇಕಾಗಿತ್ತು. ಅದು ಬಂದುದು ಆಸ್ಪತ್ರೆಯ ವಾರ್ಡಿನಿಂದ. 1943ರಲ್ಲಿ ಪ್ರಾರಂಭವಾದ ಮೆಕ್ಸಿಕೋದ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥ ಫೆದೆರಿಕೋ ಗೋಮೆಸ್, ದಾಖಲಾದ ಮಕ್ಕಳ ತೂಕವನ್ನು ಅದೇ ವಯಸ್ಸಿನ ಆರೋಗ್ಯವಂತ ಮಕ್ಕಳ ಸರಾಸರಿ ತೂಕದೊಡನೆ ಹೋಲಿಸಿದರು. ಶೇಕಡಾ 90ರಿಂದ 75ರವರೆಗೆ ಮೊದಲ ದರ್ಜೆಯ ಕೊರತೆ, 75ರಿಂದ 60ರವರೆಗೆ ಎರಡನೆಯದು, 60ಕ್ಕಿಂತ ಕಡಿಮೆಯಾದರೆ ಮೂರನೆಯದು. ಎರಡನೆಯ ಮತ್ತು ಮೂರನೆಯ ದರ್ಜೆಯ ಮಕ್ಕಳ ಸಾವುಗಳನ್ನು ಕುರಿತು ಅವರೂ ಅವರ ಸಂಗಡಿಗರೂ 1956ರಲ್ಲಿ ಪ್ರಕಟಿಸಿದ ಲೇಖನ ಮುಂದಿನ ಎಲ್ಲ ವರ್ಗೀಕರಣಗಳಿಗೆ ಅಡಿಪಾಯವಾಯಿತು. ಅದರ ತಿರುಳು ಸರಳ: ಯಾವ ರೋಗವೆಂದು ಕೇಳಿದರೆ ಸಾಲದು, ಎಂಥ ಮೈಯ ಮೇಲೆ ಆ ರೋಗ ಬಂದಿದೆ ಎಂದೂ ಕೇಳಬೇಕು.

ತೂಕ ಮಾತ್ರ ಎಲ್ಲವನ್ನೂ ಹೇಳದು. ಬಾತ ಮಗುವಿನ ಮೈಯಲ್ಲಿ ನೀರು ತುಂಬಿರುವುದರಿಂದ ತಕ್ಕಡಿ ಮೋಸಹೋಗುತ್ತದೆ. ಭೇದಿಯಿಂದ ಬತ್ತಿದ ಮಗು ಇರುವುದಕ್ಕಿಂತ ಹಗುರವಾಗಿ ತೂಗುತ್ತದೆ. 1970ರ ವೆಲ್‌ಕಮ್ ವರ್ಗೀಕರಣ ಬಾವನ್ನೂ ಪರಿಗಣಿಸಿತು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 1972ರಲ್ಲಿ ತನ್ನದೇ ದರ್ಜೆಗಳನ್ನು ರೂಪಿಸಿ, ಸಾಮಾನ್ಯದ ಗೆರೆಯನ್ನು ಶೇಕಡಾ 80ಕ್ಕೆ ಎಳೆಯಿತು. ಇವೆಲ್ಲವುಗಳಿಗೂ ಮಗುವಿನ ವಯಸ್ಸು ಗೊತ್ತಿರಬೇಕು. ಹುಟ್ಟಿದ ದಿನವನ್ನು ಹಬ್ಬ, ಸುಗ್ಗಿಗಳಿಂದ ಲೆಕ್ಕಹಾಕುವ ತಾಯಿಯ ಎದುರಿನಲ್ಲಿ ಈ ಗಣಿತ ತಡವರಿಸುತ್ತಿತ್ತು.

ಇದಕ್ಕೆ ಸುಲಭದ ಉಪಾಯವನ್ನು ಬಾಗ್ದಾದಿನ ಮಕ್ಕಳ ವೈದ್ಯ ಅದ್ನಾನ್ ಶಾಕಿರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದರು. ಒಂದು ವರ್ಷದಿಂದ ಐದು ವರ್ಷದವರೆಗೆ ಆರೋಗ್ಯವಂತ ಮಗುವಿನ ತೋಳಿನ ಸುತ್ತಳತೆ ಹೆಚ್ಚೇನೂ ಬದಲಾಗದು. ಆದ್ದರಿಂದ ವಯಸ್ಸು ನಿಖರವಾಗಿ ತಿಳಿಯದಿದ್ದರೂ ಒಂದು ಪಟ್ಟಿ ಸಾಕು. 13.5 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಹಸಿರು, 12.5ರವರೆಗೆ ಹಳದಿ, ಅದಕ್ಕಿಂತ ಕಡಿಮೆಯಾದರೆ ಕೆಂಪು. ಹಳೆಯ ಎಕ್ಸ್‌ರೇ ಫಿಲ್ಮನ್ನು ತೊಳೆದು ಕತ್ತರಿಸಿಯೂ ಇಂಥ ಪಟ್ಟಿಗಳನ್ನು ಮಾಡಿಕೊಳ್ಳುತ್ತಿದ್ದರು. ಅಕ್ಷರ ಬಾರದವರೂ ಬಣ್ಣವನ್ನು ಓದಬಲ್ಲರು. ಮಗು ನೀರು ಕಳೆದುಕೊಂಡಿದ್ದರೂ ತೋಳಿನ ಅಳತೆ ತೂಕದಷ್ಟು ಏರುಪೇರಾಗುವುದಿಲ್ಲ ಎಂಬುದು ಆಸ್ಪತ್ರೆಗೆ ಇನ್ನೊಂದು ಅನುಕೂಲ. ಇಂದು ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನಲ್ಲಿ ತೀವ್ರ ಅಪೌಷ್ಟಿಕತೆಯ ಗೆರೆ 11.5 ಸೆಂಟಿಮೀಟರ್. ಎತ್ತರಕ್ಕೆ ತಕ್ಕ ತೂಕವಿಲ್ಲದಿರುವುದು, ಎರಡೂ ಪಾದಗಳಲ್ಲಿ ಒತ್ತಿದರೆ ಗುಳಿ ಬೀಳುವ ಬಾವು, ಇವು ಉಳಿದೆರಡು ಗುರುತುಗಳು.

ಹೇಗೂ ಜ್ವರಕ್ಕೋ ಭೇದಿಗೋ ಚಿಕಿತ್ಸೆ ಕೊಡುತ್ತಿರುವಾಗ ಈ ಅಳತೆ ಯಾಕೆ ಎಂದು ಓದುಗರು ಕೇಳಬಹುದು. ಉತ್ತರ ಚಿಕಿತ್ಸೆಯಲ್ಲಿಯೇ ಇದೆ. ಹಸಿದು ಸೊರಗಿದ ಮಗುವಿನ ಹೃದಯ, ಮೂತ್ರಪಿಂಡ, ಕರುಳು ಎಲ್ಲವೂ ಕುಗ್ಗಿದ ಸಂಸಾರದಂತೆ ಅರೆವೆಚ್ಚದಲ್ಲಿ ನಡೆಯುತ್ತಿರುತ್ತವೆ. ಮತ್ತೊಂದು ಮಗುವನ್ನು ಬದುಕಿಸುವ ಸಲೈನ್, ಅಷ್ಟೇ ವೇಗವಾಗಿ ಹರಿಸಿದರೆ ಈ ಮಗುವಿನ ಹೃದಯವನ್ನು ಸೋಲಿಸಬಹುದು. ಸೋಂಕು ತೀವ್ರವಾಗಿದ್ದರೂ ಜ್ವರ ಕಾಣದಿರಬಹುದು. ಕರುಣೆಯಿಂದ ಮೊದಲ ದಿನವೇ ಹೊಟ್ಟೆತುಂಬ ಉಣಿಸಿದರೂ ಅಪಾಯ. ಅದಕ್ಕಾಗಿಯೇ 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಕೈಪಿಡಿ ಮೊದಲು ಸಕ್ಕರೆಯಂಶ, ಮೈಶಾಖ, ನೀರು, ಲವಣ, ಸೋಂಕುಗಳನ್ನು ನೋಡಿಕೊಂಡು, 100 ಮಿಲಿಲೀಟರಿಗೆ 75 ಕಿಲೋಕ್ಯಾಲೊರಿಯ ತೆಳು ಹಾಲಿನಿಂದ ಆರಂಭಿಸಿ, ಬಳಿಕ 100ಕ್ಕೆ ಏರಿಸಲು ಹೇಳುತ್ತದೆ. 1996ರಲ್ಲಿ ಸ್ಕೋಫೀಲ್ಡ್ ಮತ್ತು ಆಶ್‌ವರ್ತ್ ಐದು ದಶಕಗಳ ವರದಿಗಳನ್ನು ಒಟ್ಟುಗೂಡಿಸಿದಾಗ, ಆಸ್ಪತ್ರೆ ಸೇರಿದ ತೀವ್ರ ಅಪೌಷ್ಟಿಕ ಮಕ್ಕಳಲ್ಲಿ ಸಾಯುವವರ ಪ್ರಮಾಣ 1950ರ ದಶಕದಿಂದ ಶೇಕಡಾ 20ರಿಂದ 30ರ ನಡುವೆಯೇ ನಿಂತಿರುವುದು ಕಂಡಿತು. ಜ್ಞಾನ ಬೆಳೆದಿತ್ತು, ಸಾವು ಇಳಿದಿರಲಿಲ್ಲ. ತಪ್ಪು ಕ್ರಮದ ಆರೈಕೆ ಅದಕ್ಕೆ ಮುಖ್ಯ ಕಾರಣವೆಂದು ಅವರು ತೋರಿಸಿದರು. ಅಳೆಯದ ಕಡೆ ಸರಿಯಾದ ಕ್ರಮ ಶುರುವಾಗುವುದೇ ಇಲ್ಲ.

ಇದು ಬಡನಾಡುಗಳ ಕಥೆ ಮಾತ್ರವಲ್ಲ. 1974ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಬಟರ್‌ವರ್ತ್, ಸುಸಜ್ಜಿತ ಆಸ್ಪತ್ರೆಗಳ ಹಾಸಿಗೆಗಳಲ್ಲೇ ರೋಗಿಗಳು ಪೋಷಣೆಯಿಲ್ಲದೆ ಸೊರಗುತ್ತಿದ್ದಾರೆಂದು ಬರೆದು ತಮ್ಮ ವೃತ್ತಿಬಾಂಧವರಿಗೆ ಇರುಸುಮುರುಸು ಉಂಟುಮಾಡಿದರು. ಪರೀಕ್ಷೆಗಾಗಿ ಉಪವಾಸ, ನೋವು, ಹಿಡಿಸದ ಊಟ, ಇವು ಸೇರಿ ಶ್ರೀಮಂತ ದೇಶದ ಮಗುವೂ ಆಸ್ಪತ್ರೆಯಲ್ಲಿ ತೂಕ ಕಳೆದುಕೊಳ್ಳುತ್ತದೆ. ಆದ್ದರಿಂದ ಅಲ್ಲಿ ಅಳತೆಯ ಜೊತೆಗೆ ಪ್ರಶ್ನೆಗಳೂ ಬಂದವು. 2010ರಲ್ಲಿ ನೆದರ್ಲೆಂಡ್ಸಿನ 44 ಆಸ್ಪತ್ರೆಗಳಲ್ಲಿ ಪ್ರಯೋಗಿಸಿ ಪ್ರಕಟಿಸಿದ ‘ಸ್ಟ್ರಾಂಗ್‌ಕಿಡ್ಸ್’ ನಾಲ್ಕೇ ವಿಷಯಗಳನ್ನು ವಿಚಾರಿಸುತ್ತದೆ: ನೋಟಕ್ಕೆ ಮಗು ಸೊರಗಿದೆಯೇ, ಪೋಷಣೆಯನ್ನು ಕೆಡಿಸುವ ಕಾಯಿಲೆಯಿದೆಯೇ, ಉಣ್ಣುವುದು ಕಡಿಮೆಯಾಗಿದೆಯೇ ಅಥವಾ ವಾಂತಿಭೇದಿ ಇದೆಯೇ, ತೂಕ ಇಳಿದಿದೆಯೇ. ಇಂಥದೇ ಇನ್ನೊಂದು ವಿಧಾನ ಗ್ಲಾಸ್ಗೋದಲ್ಲಿ ಹುಟ್ಟಿತು. ದಾಖಲಾದ ಪ್ರತಿಯೊಂದು ಮಗುವಿಗೂ ಈ ಪ್ರಶ್ನೆ ಸಲ್ಲಬೇಕೆಂಬುದೇ ಇವುಗಳ ಹೊಸತನ.

ನಮ್ಮ ದೇಶದಲ್ಲಿ ಹುಡುಕಾಟ ಹೆಚ್ಚಾಗಿ ಅಂಗನವಾಡಿಯಿಂದ ಆಸ್ಪತ್ರೆಯ ಕಡೆಗೆ ಸಾಗಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಮೊದಲ ಪ್ರಯೋಗಭೂಮಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. 2011ರಲ್ಲಿ ಕೇಂದ್ರ ಸರ್ಕಾರ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. ಮಗುವಿನೊಡನೆ ಉಳಿಯುವ ತಾಯಿಗೆ ತಪ್ಪಿದ ಕೂಲಿಯ ಪರಿಹಾರವೂ ಅದರಲ್ಲಿ ಸೇರಿತ್ತು. ಕೂಲಿ ತಪ್ಪಿದರೆ ಮನೆಯಲ್ಲಿರುವ ಇನ್ನೊಂದು ಮಗು ಹಸಿಯುತ್ತದೆ ಎಂಬ ಅರಿವು ಆ ಒಂದು ಸಾಲಿನಲ್ಲಿದೆ. ವಾರಾಣಸಿಯಲ್ಲಿ ಇಂಥ ಕೇಂದ್ರ ದೀನದಯಾಳ್ ಉಪಾಧ್ಯಾಯ ಆಸ್ಪತ್ರೆಯಲ್ಲಿದೆ. ಕರ್ನಾಟಕದಲ್ಲಿ ಮಕ್ಕಳ ಅಪೌಷ್ಟಿಕತೆ ಹೈಕೋರ್ಟಿನ ಮುಂದೆ ಬಂದು, 2012ರಲ್ಲಿ ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಅಧ್ಯಕ್ಷತೆಯ ಸಮಿತಿ ವರದಿ ಸಲ್ಲಿಸಿತು.

ಇಷ್ಟೆಲ್ಲ ಆದಮೇಲೂ 2017ರ ಅಂದಾಜಿನಂತೆ ಭಾರತದಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವುಗಳಲ್ಲಿ ಶೇಕಡಾ 68.2ರ ಹಿಂದೆ ಅಪೌಷ್ಟಿಕತೆಯ ಕೈವಾಡವಿತ್ತು. ಪುನಶ್ಚೇತನ ಕೇಂದ್ರಕ್ಕೆ ಬಂದ ಮಗುವನ್ನು ಖಂಡಿತ ಅಳೆಯುತ್ತಾರೆ. ನ್ಯುಮೋನಿಯಾ ಎಂದು ಸಾಮಾನ್ಯ ವಾರ್ಡಿಗೆ ಬಂದ ಮಗುವಿನ ತೋಳಿಗೂ ಆ ಪಟ್ಟಿ ಸುತ್ತಬೇಕಾಗಿದೆ. ಆಸ್ಪತ್ರೆಯಲ್ಲಿ ಸತ್ತವರಿಗಾಗಿ ವೈದ್ಯರು ತುಂಬುವ ಪ್ರಮಾಣಪತ್ರದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಸಾವಿಗೆ ನೇರವಾಗಿ ಒಯ್ದ ಕಾರಣಗಳ ಸರಪಳಿಗೆ; ಎರಡನೆಯದು ಅದಕ್ಕೆ ನೆರವಾದ ಇತರ ಸ್ಥಿತಿಗಳಿಗೆ. ಹಾವಿಗೆ ಮೊದಲ ಭಾಗದಲ್ಲಿ ಜಾಗ ಎಂದೂ ಸಿಗುತ್ತದೆ. ಹಸಿವಿಗೆ ಎರಡನೆಯ ಭಾಗದಲ್ಲಿ ಜಾಗ ಸಿಗಬೇಕಾದರೂ, ಮಗು ಬದುಕಿದ್ದಾಗ, ದಾಖಲಾದ ದಿನವೇ, ಯಾರಾದರೊಬ್ಬರು ಅದನ್ನು ಅಳೆದು ಬರೆದಿಟ್ಟಿರಬೇಕು. ಹಾಗೆ ಅಳೆದ ಬಹಳಷ್ಟು ಮಕ್ಕಳಿಗೆ ಆ ಪ್ರಮಾಣಪತ್ರದ ಅಗತ್ಯವೇ ಬೀಳದು.