ಒತ್ತಡದ ತಲೆನೋವು: ನೋವುಗುಳಿಗೆಯ ಹಂಗಿಲ್ಲದ ಉಪಶಮನ

ತಲೆಯ ಎರಡು ಪಾರ್ಶ್ವಗಳಲ್ಲಿಯೂ ಒತ್ತಿದಂತೆ ಅಥವಾ ಬಿಗಿದಂತೆ ತೋರುವ, ಸೌಮ್ಯದಿಂದ ಮಧ್ಯಮ ಪ್ರಮಾಣದ, ಬೇರೊಂದು ವ್ಯಾಧಿಯ ಲಕ್ಷಣವಾಗಿರದೆ ತಾನೇ ಒಂದು ವ್ಯಾಧಿಯೆನಿಸುವ ಶಿರೋವೇದನೆಗೆ ಒತ್ತಡದ ತಲೆನೋವು ಎಂದು ಹೆಸರು. ಮನುಷ್ಯನನ್ನು ಬಾಧಿಸುವ ತಲೆನೋವುಗಳಲ್ಲೆಲ್ಲ ಅತ್ಯಂತ ಸಾಮಾನ್ಯವಾದದ್ದು ಇದೇ. ಎಂದಾದರೊಮ್ಮೆ ಬಂದು ಹೋಗುವವರೆಗೆ ಇದು ಲಕ್ಷ್ಯಕ್ಕೆ ಬಾರದ ಅಲ್ಪಬಾಧೆಯೆನಿಸಿದರೂ, ವಾರದಲ್ಲಿ ಎರಡು ಮೂರು ಬಾರಿ ಮರುಕಳಿಸತೊಡಗಿದಾಗ ಓದು, ದುಡಿಮೆ, ಸಂಸಾರದ ನೆಮ್ಮದಿ ಎಲ್ಲವನ್ನೂ ಮೆಲ್ಲಮೆಲ್ಲನೆ ಸವೆಯಿಸುತ್ತದೆ. ಆಗ ರೋಗಿಯು ಗುಳಿಗೆಯನ್ನು ಆಶ್ರಯಿಸುವುದು ಸಹಜವೇ ಆಗಿದ್ದರೂ, ಒಂದೊಂದು ದಿನದ ನೋವನ್ನು ಅಡಗಿಸುತ್ತ ಹೋಗುವುದಕ್ಕಿಂತ ನೋವಿಗೆ ಎಡೆಗೊಡುವ ದಿನಚರಿಯನ್ನು ತಿದ್ದಿಕೊಳ್ಳುವುದೇ ಈ ವ್ಯಾಧಿಯ ಸ್ವಭಾವಕ್ಕೆ ಒಪ್ಪುವ ಚಿಕಿತ್ಸೆಯೆಂಬುದನ್ನು ವೈದ್ಯಶಾಸ್ತ್ರವು ಕಂಡುಕೊಂಡಿದೆ.

ಹೆಸರು ಮತ್ತು ವರ್ಗೀಕರಣ

ಭಾರತೀಯ ವೈದ್ಯಗ್ರಂಥಗಳಲ್ಲಿ ಶಿರೋರೋಗಗಳ ವಿವೇಚನೆ ಬಹು ಪ್ರಾಚೀನವಾದುದು. ಸುಶ್ರುತಸಂಹಿತೆಯ ಉತ್ತರತಂತ್ರವು ಹನ್ನೊಂದು ಬಗೆಯ ಶಿರೋರೋಗಗಳನ್ನು ಎಣಿಸಿ, ಅರ್ಧ ತಲೆಯನ್ನು ಭೇದಿಸುವಂತಹ ಅರ್ಧಾವಭೇದಕವನ್ನು ಬೇರೆಯಾಗಿಯೇ ಹೇಳುತ್ತದೆ. ವಾತಜನ್ಯವಾದ ಶಿರೋವೇದನೆಯು ತಲೆಯನ್ನು ಕಟ್ಟುವುದರಿಂದಲೂ ಶಾಖ ಕೊಡುವುದರಿಂದಲೂ ಶಮನವಾಗುವುದೆಂದು ಅಲ್ಲಿ ಕಾಣುವ ಮಾತು, ತಲೆನೋವೆಂದೊಡನೆ ಹಣೆಗೆ ಬಟ್ಟೆಯ ಪಟ್ಟಿಯನ್ನು ಬಿಗಿಯುವ ನಮ್ಮ ಮನೆಗಳ ರೂಢಿಯನ್ನು ನೆನಪಿಗೆ ತರುತ್ತದೆ.

ಆಧುನಿಕ ವೈದ್ಯದಲ್ಲಿ, 1962ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ಈ ನೋವನ್ನು ಸ್ನಾಯುಸಂಕೋಚನದ ತಲೆನೋವು ಎಂದು ಕರೆಯಿತು. ಸ್ನಾಯುಗಳ ಬಿಗಿತವೊಂದೇ ಇದರ ಕಾರಣವಲ್ಲವೆಂಬುದು ಮುಂದೆ ಸ್ಪಷ್ಟವಾಗುತ್ತ ಬಂದುದರಿಂದ, 1988ರಲ್ಲಿ ಅಂತರರಾಷ್ಟ್ರೀಯ ತಲೆನೋವು ಸಂಘವು ಪ್ರಕಟಿಸಿದ ವರ್ಗೀಕರಣದಲ್ಲಿ ಕಾರಣವನ್ನು ನಿಶ್ಚಯಿಸಿ ಹೇಳದ, ‘ಒತ್ತಡದ ಮಾದರಿಯ ತಲೆನೋವು’ ಎಂಬರ್ಥದ ಹೆಸರು ಅಂಗೀಕೃತವಾಯಿತು. ಇದೇ ವರ್ಗೀಕರಣದ 2018ರ ಮೂರನೆಯ ಆವೃತ್ತಿಯ ಪ್ರಕಾರ, ಸರಾಸರಿ ತಿಂಗಳಿಗೆ ಒಂದು ದಿನಕ್ಕಿಂತ ಕಡಮೆ ಬರುವುದು ವಿರಳ, 1ರಿಂದ 14 ದಿನಗಳವರೆಗೆ ಬರುವುದು ಪದೇಪದೇ ಮರುಕಳಿಸುವಂಥದು, 15 ದಿನ ಅಥವಾ ಅದಕ್ಕೂ ಹೆಚ್ಚು ಬರುವುದು ದೀರ್ಘಕಾಲೀನ. ಕೊನೆಯ ಎರಡು ಬಗೆಗಳನ್ನು ನಿರ್ಣಯಿಸಲು ನೋವು 3 ತಿಂಗಳಿಗೂ ಮೀರಿ ಆ ಪ್ರಮಾಣದಲ್ಲಿ ನಡೆದು ಬಂದಿರಬೇಕು.

ಲಕ್ಷಣಗಳು

ನೋವು ಒಮ್ಮೆ ತೊಡಗಿದರೆ 30 ನಿಮಿಷಗಳಿಂದ 7 ದಿನಗಳವರೆಗೆ ಇರಬಹುದು. ಹಣೆ, ಕಣತಲೆ, ಹೆಡತಲೆಗಳನ್ನು ಸುತ್ತುವರಿದು, ರುಮಾಲನ್ನು ಅತಿಯಾಗಿ ಬಿಗಿದು ಸುತ್ತಿದಂತೆ ಅಥವಾ ತಲೆಯ ಮೇಲೆ ಹೊರೆಯನ್ನು ಇಟ್ಟಂತೆ ಅದು ತೋರುವುದು. ಕನ್ನಡದ ಆಡುಮಾತೇ ಇಲ್ಲಿ ಉಪಯುಕ್ತವಾದ ಒಂದು ಭೇದವನ್ನು ಕಾಣಿಸುತ್ತದೆ: ‘ತಲೆ ಹಿಡಿದುಕೊಂಡಿದೆ’, ‘ತಲೆ ಭಾರವಾಗಿದೆ’ ಎನ್ನುವವರ ನೋವು ಸಾಮಾನ್ಯವಾಗಿ ಒತ್ತಡದ್ದಾಗಿದ್ದರೆ, ‘ತಲೆ ಸಿಡಿಯುತ್ತಿದೆ’ ಎಂದು ಕತ್ತಲ ಕೋಣೆಯನ್ನು ಅರಸುವವರದು ಬಹುಮಟ್ಟಿಗೆ ಮೈಗ್ರೇನ್, ಅಂದರೆ ಅರೆತಲೆನೋವು. ನಡೆದಾಡುವುದರಿಂದಲೂ ಮೆಟ್ಟಿಲು ಹತ್ತುವುದರಿಂದಲೂ ಒತ್ತಡದ ತಲೆನೋವು ಉಲ್ಬಣಿಸುವುದಿಲ್ಲ. ಸಾಮಾನ್ಯವಾಗಿ ವಾಕರಿಕೆ ವಾಂತಿಗಳಿರುವುದಿಲ್ಲ. ಬೆಳಕು ಮತ್ತು ಸದ್ದು ಇವೆರಡರಲ್ಲಿ ಒಂದು ಅಸಹನೀಯವೆನಿಸಬಹುದಾದರೂ ಎರಡೂ ಒಟ್ಟಿಗೆ ಹಾಗೆನಿಸುವುದಿಲ್ಲ. ಹಣೆ, ದವಡೆ, ಕುತ್ತಿಗೆ, ಹೆಗಲುಗಳ ಸ್ನಾಯುಗಳನ್ನು ಬೆರಳಿನಿಂದ ಅದುಮಿದಾಗ ನೋಯುವುದು ಹಲವರಲ್ಲಿ ಕಂಡುಬರುವ ಚಿಹ್ನೆ.

ನೋವಿನ ಮೂಲ

ತಲೆಬುರುಡೆಯ ಸುತ್ತಣ ಸ್ನಾಯುಗಳಲ್ಲಿಯೂ ಅವುಗಳ ಪೊರೆಗಳಲ್ಲಿಯೂ ಇರುವ ನರಾಗ್ರಗಳು, ಬಹುಕಾಲದ ಬಿಗಿತದಿಂದಲೋ ಆಯಾಸದಿಂದಲೋ ಕೆರಳಿದಾಗ, ಅವುಗಳಿಂದ ಹೊರಟ ಸಂದೇಶಗಳು ಕುತ್ತಿಗೆಯ ಮೇಲ್ಭಾಗದ ಬೆನ್ನುಹುರಿಯನ್ನೂ ಮುಖದ ಸಂವೇದನೆಯನ್ನು ವಹಿಸುವ ತ್ರಿಶಾಖಾ ನರದ ಕೇಂದ್ರವನ್ನೂ ಸೇರುತ್ತವೆ. ಈ ಸಂದೇಶಗಳು ದಿನವೂ ಎಡೆಬಿಡದೆ ಬರುತ್ತಿದ್ದಲ್ಲಿ ಕೇಂದ್ರಗಳೇ ಅತಿಸಂವೇದಿಗಳಾಗಿ ಮಾರ್ಪಟ್ಟು, ಮೊದಲು ನೋವೆನಿಸದಿದ್ದ ಅಲ್ಪ ಒತ್ತಡವನ್ನೂ ನೋವೆಂದೇ ಗ್ರಹಿಸತೊಡಗುತ್ತವೆ. ದೀರ್ಘಕಾಲೀನ ರೋಗಿಗಳಲ್ಲಿ ಸ್ನಾಯುಗಳ ಬಿಗಿತಕ್ಕೂ ಅವರು ಅನುಭವಿಸುವ ವೇದನೆಗೂ ನೇರವಾದ ಅನುಪಾತ ಕಾಣದಿರುವುದಕ್ಕೆ ಇದೇ ವಿವರಣೆ. ಆದಕಾರಣ ‘ಇದು ಬರಿಯ ಮನಸ್ಸಿನ ಕಲ್ಪನೆ’ ಎಂದು ರೋಗಿಯನ್ನು ಹಳಿಯುವುದು ಅನ್ಯಾಯ. ವೇದನೆ ವಾಸ್ತವವಾದುದು, ಅದನ್ನು ವಹಿಸುವ ನರಪಥ ವಾಸ್ತವವಾದುದು.

ಈ ಪಥವನ್ನು ಕೆರಳಿಸುವ ಸಂಗತಿಗಳು ದೈನಂದಿನವಾದುವೇ: ಚಿಂತೆ, ನಿದ್ರಾಭಂಗ, ಹೊತ್ತು ತಪ್ಪಿದ ಊಟ, ಸಾಕಷ್ಟು ನೀರು ಕುಡಿಯದಿರುವುದು, ಹಲ್ಲು ಕಚ್ಚಿಹಿಡಿಯುವ ಅಭ್ಯಾಸ, ಮತ್ತು ಒಂದೇ ಭಂಗಿಯಲ್ಲಿ ಬಹಳ ಹೊತ್ತು ಬಾಗಿ ಮಾಡುವ ಕೆಲಸ. ಸುಮಾರು 5 ಕಿಲೋಗ್ರಾಂ ತೂಗುವ ಶಿರಸ್ಸು ನೆಟ್ಟಗಿರುವಾಗ ಬೆನ್ನೆಲುಬಿನ ಮೇಲೆ ಸಮತೂಕದಲ್ಲಿರುವುದು. ಅದು ಮುಂದಕ್ಕೆ ಬಾಗಿದೊಡನೆ ಅದರ ಭಾರವನ್ನು ಕುತ್ತಿಗೆಯ ಹಿಂಭಾಗದ ಸ್ನಾಯುಗಳು ಎಳೆದು ಹಿಡಿಯಬೇಕಾಗುತ್ತದೆ. ಹೊಲಿಗೆ ಯಂತ್ರದ ಮುಂದೆ ಕುಳಿತ ದರ್ಜಿ, ಬೀಡಿ ಕಟ್ಟುವ ಹೆಂಗಸು, ರಾತ್ರಿಯೆಲ್ಲ ಅಡಿಕೆ ಸುಲಿಯುವವರು, ಗಣಕಯಂತ್ರಕ್ಕೂ ಮೊಬೈಲಿಗೂ ಕಣ್ಣು ನೆಟ್ಟ ತರುಣರು ಇವರೆಲ್ಲರ ಕುತ್ತಿಗೆ ಹೊರುವ ಹೊರೆ ಒಂದೇ.

ವ್ಯಾಪ್ತಿ

ಜಗತ್ತಿನ ರೋಗಗಳ ಹೊರೆಯನ್ನು ಅಳೆದ 2010ರ ಸಮೀಕ್ಷೆಯಲ್ಲಿ ದಂತಕ್ಷಯವನ್ನು ಬಿಟ್ಟರೆ ಅತ್ಯಂತ ವ್ಯಾಪಕವಾದ ವ್ಯಾಧಿಯೆಂದು ಗಣಿತವಾದದ್ದು ಒತ್ತಡದ ತಲೆನೋವು. ಕರ್ನಾಟಕಕ್ಕೆ ಸಂಬಂಧಿಸಿದಂತೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ವಿದೇಶದ ತಜ್ಞರೊಡಗೂಡಿ ನಗರದಲ್ಲಿಯೂ ಹಳ್ಳಿಗಳಲ್ಲಿಯೂ 18ರಿಂದ 65 ವಯಸ್ಸಿನ 2,329 ಮಂದಿಯನ್ನು ಮನೆಮನೆಗೆ ಹೋಗಿ ವಿಚಾರಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ವರ್ಷದ ಅವಧಿಯಲ್ಲಿ ಶೇ. 63.9ರಷ್ಟು ಜನರಿಗೆ ಯಾವುದಾದರೊಂದು ಬಗೆಯ ತಲೆನೋವು ಬಂದಿದ್ದಿತು. ಒತ್ತಡದ ತಲೆನೋವಿನ ಪ್ರಮಾಣ ಶೇ. 35.1. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಮುಟ್ಟುವ ಈ ಬಾಧೆಗೆ ಹೆಚ್ಚಿನವರು ವೈದ್ಯರನ್ನು ಕಾಣದೆ ಅಂಗಡಿಯ ಗುಳಿಗೆಯಿಂದಲೇ ತೃಪ್ತರಾಗುತ್ತಾರೆ.

ಗುಳಿಗೆಯಿಂದಲೇ ಹುಟ್ಟುವ ತಲೆನೋವು

ಪ್ಯಾರಾಸಿಟಮಾಲ್, ಆಸ್ಪಿರಿನ್, ಐಬುಪ್ರೊಫೇನ್ ಮೊದಲಾದುವು ಅಪರೂಪಕ್ಕೊಮ್ಮೆ, ಉಚಿತವಾದ ಪ್ರಮಾಣದಲ್ಲಿ ಸೇವಿಸಿದಾಗ ನಿಜವಾಗಿಯೂ ಉಪಕಾರಿಗಳು. ಅವನ್ನು ವಿಷವೆಂದು ತಿಳಿಯಬೇಕಾಗಿಲ್ಲ. ಆದರೆ 3 ತಿಂಗಳಿಗೂ ಮೀರಿ, ತಿಂಗಳಿನಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ಇಂಥ ಸರಳವಾದ ಗುಳಿಗೆಗಳನ್ನು, ಇಲ್ಲವೇ 10 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ಹಲವು ಔಷಧಗಳನ್ನು ಕೂಡಿಸಿದ ಗುಳಿಗೆಗಳನ್ನು ನುಂಗುತ್ತ ಬಂದವರಲ್ಲಿ ಔಷಧವೇ ತಲೆನೋವನ್ನು ಹುಟ್ಟಿಸತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತಹ ಈ ಸ್ಥಿತಿಯಲ್ಲಿ ಗುಳಿಗೆಯ ಪ್ರಭಾವ ಇಳಿಯುತ್ತಲೇ ನೋವು ಮರಳುವುದು. ಮರಳಿದ ನೋವಿಗೆ ಮತ್ತೊಂದು ಗುಳಿಗೆ ಬೇಕಾಗುವುದು. ಜಠರದ ಹುಣ್ಣು, ಮೂತ್ರಪಿಂಡಗಳ ಹಾನಿ, ಪ್ಯಾರಾಸಿಟಮಾಲ್ ಅತಿಯಾದಾಗ ಯಕೃತ್ತಿಗೆ ಒದಗುವ ಅಪಾಯ ಇವು ಇದಕ್ಕೆ ಸೇರಿದ ಬೇರೆ ಸಂಕಟಗಳು. ಆದುದರಿಂದ ನೋವುಗುಳಿಗೆಯ ಬಳಕೆ ವಾರಕ್ಕೆ 2 ದಿನಗಳನ್ನು ಮೀರದಿರುವುದು ಲೇಸು.

ಅತಿಬಳಕೆಯನ್ನು ನಿಲ್ಲಿಸಿದಾಗ ಮೊದಲ ಕೆಲವು ದಿನ, ಸಾಧಾರಣವಾಗಿ 2ರಿಂದ 10 ದಿನಗಳವರೆಗೆ, ನೋವು ಹೆಚ್ಚುವುದುಂಟು. ಇದನ್ನು ಮುಂಚಿತವಾಗಿ ತಿಳಿಯದವರು ಅಲ್ಲಿಯೇ ಧೈರ್ಯಗುಂದಿ ಮತ್ತೆ ಗುಳಿಗೆಗೆ ಶರಣಾಗುವರು. ತಿಳಿದವರು ಆ ದಿನಗಳನ್ನು ದಾಟಿ ಮುಂದಿನ ವಾರಗಳಲ್ಲಿ ನೆಮ್ಮದಿಯನ್ನು ಕಾಣುವರು. ಅಫೀಮಿನ ವರ್ಗದ ಔಷಧಗಳನ್ನಾಗಲಿ ನಿದ್ರಾಜನಕಗಳನ್ನಾಗಲಿ ಬಹುಕಾಲ ಸೇವಿಸಿದವರು ಮಾತ್ರ ತಾವಾಗಿಯೇ ಒಮ್ಮೆಲೇ ಬಿಡದೆ ವೈದ್ಯರ ಮೇಲ್ವಿಚಾರಣೆಯಲ್ಲಿ ಬಿಡತಕ್ಕದ್ದು.

ಉಪಶಮನದ ಮಾರ್ಗಗಳು

ನೋವಿನ ದಿನಚರಿ: ಎಲ್ಲ ಉಪಾಯಗಳಿಗೂ ಬುನಾದಿಯಾದುದು ಒಂದು ಸಾಮಾನ್ಯ ಟಿಪ್ಪಣಿ ಪುಸ್ತಕ. ನೋವು ಬಂದ ದಿನ, ತೊಡಗಿದ ಹೊತ್ತು, ತೀವ್ರತೆ, ಹಿಂದಿನ ರಾತ್ರಿಯ ನಿದ್ರೆ, ಊಟದ ವೇಳೆ, ಮಾಡಿದ ಕೆಲಸ, ನುಂಗಿದ ಗುಳಿಗೆ ಇಷ್ಟನ್ನು ನಾಲ್ಕಾರು ವಾರ ತಪ್ಪದೆ ಬರೆದಿಟ್ಟಲ್ಲಿ, ಎಲ್ಲೆಂದರಲ್ಲಿ ಎರಗುವಂತೆ ತೋರುತ್ತಿದ್ದ ವ್ಯಾಧಿಗೆ ಒಂದು ಕ್ರಮವುಂಟೆಂಬುದು ರೋಗಿಯ ಕಣ್ಣಿಗೇ ಗೋಚರವಾಗುವುದು. ಗುಳಿಗೆಗಳ ನಿಜವಾದ ಲೆಕ್ಕ ತಿಳಿಯುವುದೂ ಇದರಿಂದಲೇ.

ಸ್ನಾಯುಗಳ ಶಿಥಿಲೀಕರಣ: ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1929ರಲ್ಲಿ ಗ್ರಂಥರೂಪದಲ್ಲಿ ನಿರೂಪಿಸಿದ ಕ್ರಮಾನುಗತ ಶಿಥಿಲೀಕರಣದ ತತ್ತ್ವ ಸರಳವಾದುದು: ಬಿಗಿತವನ್ನು ಗುರುತಿಸಬಲ್ಲವನು ಮಾತ್ರ ಅದನ್ನು ಸಡಿಲಿಸಬಲ್ಲನು. ಮುಷ್ಟಿಯನ್ನು ಕೆಲವು ಕ್ಷಣ ಬಿಗಿಹಿಡಿದು ಸಡಿಲ ಬಿಟ್ಟು ಎರಡರ ಅಂತರವನ್ನು ಮನಗಾಣುವುದು. ಬಳಿಕ ಹುಬ್ಬನ್ನು ಮೇಲೇರಿಸಿ ಇಳಿಬಿಡುವುದು, ದವಡೆಯನ್ನು ಕಚ್ಚಿ ಬಿಡುವುದು, ಹೆಗಲನ್ನು ಕಿವಿಯತ್ತ ಎತ್ತಿ ಇಳಿಸುವುದು. ಹೀಗೆ ಅಂಗಾಂಗಗಳನ್ನು ಕ್ರಮವಾಗಿ ಸಡಿಲಿಸುತ್ತ ಹೋಗುವುದು. ದಿನಕ್ಕೆ ಹದಿನೈದಿಪ್ಪತ್ತು ನಿಮಿಷಗಳಂತೆ ಕೆಲವು ವಾರ ಸಾಧನೆ ಮಾಡಿದವರು ಕ್ರಮೇಣ ಕೆಲಸದ ನಡುವೆಯೇ, ಬಿಗಿತ ಕಾಣಿಸಿಕೊಂಡೊಡನೆ, ಅದನ್ನು ಬಿಡಿಸಿಕೊಳ್ಳಲು ಸಮರ್ಥರಾಗುತ್ತಾರೆ. ಹಠಯೋಗಪ್ರದೀಪಿಕೆಯಲ್ಲಿ ಆಯಾಸಪರಿಹಾರಕವೆಂದೂ ಚಿತ್ತಕ್ಕೆ ವಿಶ್ರಾಂತಿಕರವೆಂದೂ ಹೇಳಲ್ಪಟ್ಟ ಶವಾಸನ ಇದಕ್ಕೆ ಸಮೀಪದ ಬಂಧು; ನಿಡಿದಾದ ಉಸಿರಾಟದೊಡನೆ ಎರಡನ್ನೂ ಕೂಡಿಸಿಕೊಳ್ಳಬಹುದು.

ಜೈವಿಕ ಪ್ರತಿವೇದನೆ: 1970ರಲ್ಲಿ ಅಮೆರಿಕದ ಬಡ್ಜಿನ್‌ಸ್ಕಿ, ಸ್ಟೋಯ್ವಾ, ಆಡ್ಲರ್ ಎಂಬುವರು ಹಣೆಯ ಸ್ನಾಯುವಿನ ವಿದ್ಯುತ್‌ಕ್ರಿಯೆಯನ್ನು ಧ್ವನಿಯಾಗಿ ಮಾರ್ಪಡಿಸಿ ರೋಗಿಗೇ ಕೇಳಿಸುವ ಉಪಕರಣವನ್ನು ಈ ತಲೆನೋವಿನ ಚಿಕಿತ್ಸೆಗೆ ಪ್ರಯೋಗಿಸಿದರು. ಬಿಗಿತ ಇಳಿದಂತೆ ಧ್ವನಿಯೂ ಇಳಿಯುವುದರಿಂದ ರೋಗಿಯು ತನ್ನ ಸ್ನಾಯುವನ್ನು ತಾನೇ ಆಳಲು ಕಲಿಯುತ್ತಾನೆ. ಔಷಧೇತರ ವಿಧಾನಗಳಲ್ಲಿ ಪರಿಣಾಮ ಚೆನ್ನಾಗಿ ಸಮರ್ಥಿತವಾಗಿರುವ ಕೆಲವುಗಳಲ್ಲಿ ಇದೊಂದು.

ಮನಸ್ಸಿನ ಒತ್ತಡದ ನಿರ್ವಹಣೆ: ಚಿಂತೆಯನ್ನು ತೊಲಗಿಸುವುದು ಯಾರ ಕೈಯಲ್ಲಿಯೂ ಇಲ್ಲ, ಚಿಂತೆಗೆ ದೇಹ ಕೊಡುವ ಪ್ರತ್ಯುತ್ತರವನ್ನು ತಿದ್ದುವುದು ಸಾಧ್ಯ. ಸಂಶೋಧಕ ಕೆನೆತ್ ಹೋಲ್‌ರಾಯ್ಡ್ ಮತ್ತು ಸಹೋದ್ಯೋಗಿಗಳು ದೀರ್ಘಕಾಲೀನ ಬಾಧೆಯುಳ್ಳ 203 ಮಂದಿಯ ಮೇಲೆ ನಡೆಸಿ 2001ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ತಲೆನೋವು ಅರ್ಧಕ್ಕೋ ಅದಕ್ಕೂ ಹೆಚ್ಚಾಗಿಯೋ ತಗ್ಗಿದವರ ಪ್ರಮಾಣ ಒತ್ತಡನಿರ್ವಹಣೆಯ ಶಿಕ್ಷಣ ಪಡೆದವರಲ್ಲಿ ಶೇ. 35, ನಿವಾರಕ ಔಷಧ ಪಡೆದವರಲ್ಲಿ ಶೇ. 38, ಎರಡನ್ನೂ ಪಡೆದವರಲ್ಲಿ ಶೇ. 64, ಹುಸಿಗುಳಿಗೆ ಪಡೆದವರಲ್ಲಿ ಶೇ. 29. ಯಾವುದೊಂದು ಉಪಾಯವೂ ಏಕಾಂಗಿಯಾಗಿ ಮಾಡಲಾರದುದನ್ನು ಹಲವು ಉಪಾಯಗಳು ಕೂಡಿ ಮಾಡಬಲ್ಲುವೆಂಬುದೇ ಇದರ ಬೋಧೆ.

ವ್ಯಾಯಾಮ ಮತ್ತು ಭಂಗಿ: ದಿನದ ಬಿರುನಡಿಗೆಯೂ ಕುತ್ತಿಗೆ ಹೆಗಲುಗಳನ್ನು ಬಲಪಡಿಸುವ ವ್ಯಾಯಾಮವೂ ಹಿತಕರ. ಡೆನ್ಮಾರ್ಕಿನ ಕಚೇರಿ ನೌಕರರು ರಬ್ಬರ್ ಪಟ್ಟಿಯನ್ನು ಎಳೆಯುವ ವ್ಯಾಯಾಮವನ್ನು ದಿನಕ್ಕೆ ಕೆಲವೇ ನಿಮಿಷಗಳಂತೆ 10 ವಾರ ಮಾಡಿದಾಗ ತಲೆನೋವು ಮರುಕಳಿಸುವುದು ಕಡಮೆಯಾಯಿತು. ಕುಳಿತ ಕೆಲಸದವರು ಅರ್ಧ ಗಂಟೆಗೊಮ್ಮೆ ಎದ್ದು ಹೆಗಲನ್ನು ತಿರುಗಿಸಿ ನಾಲ್ಕು ಹೆಜ್ಜೆ ನಡೆಯುವುದು, ಓದುವ ಪುಸ್ತಕವನ್ನೋ ಪರದೆಯನ್ನೋ ಕಣ್ಣಿನ ಮಟ್ಟಕ್ಕೆ ಏರಿಸುವುದು, ದೃಷ್ಟಿದೋಷವಿದ್ದಲ್ಲಿ ತಕ್ಕ ಕನ್ನಡಕವನ್ನು ಧರಿಸುವುದು ಅಗತ್ಯ.

ಆಹಾರ, ನಿದ್ರೆ, ಕಾಫಿ: ಏಳುವ ಮಲಗುವ ಹೊತ್ತುಗಳೂ ಊಟದ ಹೊತ್ತುಗಳೂ ನಿಯತವಾಗಿರುವುದು ಈ ರೋಗಿಗಳಿಗೆ ಔಷಧಕ್ಕೆ ಸಮಾನ, ಉಪವಾಸದ ದಿನಗಳಲ್ಲಿ ತಲೆನೋವು ಬರುವವರು ವ್ರತದ ಕಾಠಿಣ್ಯವನ್ನು ದೇಹಕ್ಕೆ ಹೊಂದಿಸಿಕೊಳ್ಳತಕ್ಕದ್ದು. ಕಾಫಿಪ್ರಿಯವಾದ ನಮ್ಮ ನಾಡಿನಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ದಿನವೂ ಕಾಫಿ ಕುಡಿಯುವವರು ಅದನ್ನು ಬಿಟ್ಟಾಗ 12ರಿಂದ 24 ಗಂಟೆಗಳಲ್ಲಿ ತಲೆನೋವು ತೊಡಗುವುದುಂಟು. ಅದು ಕಾಫಿಯಿಂದ ಗುಣವಾದಂತೆ ಕಾಣುವುದರಿಂದ ಕುಡಿಯುವ ಪ್ರಮಾಣ ಏರುತ್ತಲೇ ಹೋಗುತ್ತದೆ. ಲೋಟಗಳ ಸಂಖ್ಯೆಯನ್ನು ವಾರಕ್ಕೊಂದರಂತೆ ಮೆಲ್ಲಗೆ ಇಳಿಸುವುದೇ ಸುಖಕರವಾದ ದಾರಿ.

ಬಾಹ್ಯೋಪಚಾರ: ಕುತ್ತಿಗೆ ಹೆಗಲುಗಳಿಗೆ ಬಿಸಿನೀರಿನ ಶಾಖ, ಎಣ್ಣೆಯ ನೀವುವಿಕೆ, ಹಣೆಗೆ ತಣ್ಣೀರ ಪಟ್ಟಿ, ತೇಯ್ದ ಶುಂಠಿಯ ಲೇಪ ಇವು ನಮ್ಮ ಮನೆಗಳ ಪರಂಪರಾಗತ ಉಪಚಾರಗಳು. ಶುಂಠಿಯ ಲೇಪ ಕೆಲವರ ಚರ್ಮವನ್ನು ಉರಿಸುವುದರಿಂದ ಕಣ್ಣಿಗೆ ತಾಗದಂತೆ ತೆಳುವಾಗಿ ಹಚ್ಚತಕ್ಕದ್ದು. ಜರ್ಮನಿಯ ಗೋಬೆಲ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹಣೆಗೂ ಕಣತಲೆಗಳಿಗೂ ಹಚ್ಚಿದ ಪುದೀನ ಜಾತಿಯ ಪೆಪ್ಪರ್‌ಮಿಂಟ್ ತೈಲದ ಶೇ. 10ರ ದ್ರಾವಣ 1,000 ಮಿಲಿಗ್ರಾಂ ಪ್ಯಾರಾಸಿಟಮಾಲಿಗೆ ಸರಿದೊರೆಯಾದ ಉಪಶಮನವನ್ನು ತೋರಿತು. ಶಿಶುಗಳ ಮುಖಕ್ಕೆ ಮಾತ್ರ ಇದನ್ನು ಹಚ್ಚಕೂಡದು. ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿಯು 2012ರಿಂದ ದೀರ್ಘಕಾಲೀನ ಬಾಧೆಗೆ 5ರಿಂದ 8 ವಾರಗಳಲ್ಲಿ 10 ಬಾರಿಯವರೆಗೆ ಸೂಜಿಚಿಕಿತ್ಸೆಯನ್ನು ಪರಿಶೀಲಿಸಬಹುದೆಂದು ಹೇಳಿದೆ.

ವೈದ್ಯರ ನೆರವು

ಇಷ್ಟರಿಂದಲೂ ನೋವು ಹತೋಟಿಗೆ ಬಾರದಿದ್ದಲ್ಲಿ ವೈದ್ಯರು ನಿವಾರಕ ಔಷಧವನ್ನು ಕೊಡಬಹುದು. 1964ರಲ್ಲಿ ಆಸ್ಟ್ರೇಲಿಯದ ಜೇಮ್ಸ್ ಲ್ಯಾನ್ಸ್ ಮತ್ತು ಕರನ್ ಎಂಬುವರು ಉಪಯುಕ್ತವೆಂದು ತೋರಿಸಿದ ಅಮಿಟ್ರಿಪ್ಟಿಲೀನ್ ಇವುಗಳಲ್ಲಿ ಪ್ರಮುಖವಾದುದು. ಅಲ್ಪಪ್ರಮಾಣದಲ್ಲಿ ರಾತ್ರಿ ಸೇವಿಸುವ ಈ ಔಷಧ ನೋವುಗುಳಿಗೆಯಂತೆ ಬಂದ ನೋವನ್ನು ಅಡಗಿಸುವುದಲ್ಲ. ನೋವಿಗೆ ಸಂವೇದಿಯಾದ ನರಪಥವನ್ನು ಶಾಂತಗೊಳಿಸಿ, ನೋವು ಮರುಕಳಿಸುವುದನ್ನು ಕಡಮೆ ಮಾಡುವುದು.

ಪ್ರತಿಯೊಂದು ತಲೆನೋವೂ ಒತ್ತಡದ್ದಲ್ಲವೆಂಬ ಎಚ್ಚರ ಸದಾ ಇರತಕ್ಕದ್ದು. ಸಿಡಿಲೆರಗಿದಂತೆ ಹಠಾತ್ತಾಗಿ ಬಂದ ಅತಿತೀವ್ರ ನೋವು, ಜ್ವರದೊಡನೆ ಕುತ್ತಿಗೆಯ ಪೆಡಸು, ಕೈಕಾಲಿನ ಬಲಹೀನತೆ, ಮಾತಿನ ತೊದಲು, ದೃಷ್ಟಿಯ ಮಸುಕು, ತಲೆಗೆ ಪೆಟ್ಟು ಬಿದ್ದ ನಂತರದ ನೋವು, ಕೆಮ್ಮಿದಾಗ ಹೆಚ್ಚುವ ಅಥವಾ ದಿನದಿನಕ್ಕೆ ಬೆಳೆಯುವ ನೋವು, 50 ವರ್ಷಗಳ ನಂತರ ಹೊಸದಾಗಿ ತೊಡಗಿದ ನೋವು, ಗರ್ಭಿಣಿಯರಲ್ಲಿ ಹೊಸದಾಗಿ ಕಾಣಿಸಿಕೊಂಡ ನೋವು ಇವುಗಳಲ್ಲಿ ಯಾವುದಿದ್ದರೂ ಮನೆಮದ್ದಿನಲ್ಲಿ ಕಾಲಹರಣ ಮಾಡದೆ ತತ್‌ಕ್ಷಣವೇ ಆಸ್ಪತ್ರೆಯನ್ನು ಸೇರಬೇಕು.

ಇವನ್ನು ಹೊರತುಪಡಿಸಿದ ಸಾಮಾನ್ಯವಾದ ಒತ್ತಡದ ತಲೆನೋವಿನಲ್ಲಿ ಗುಣವೆಂಬುದು ನೋವು ಒಂದೇ ದಿನ ಮಾಯವಾಗುವುದಲ್ಲ. ತಿಂಗಳಿಗೆ 12 ದಿನ ಇದ್ದುದು 8ಕ್ಕೆ ಇಳಿಯುವುದು, 8 ಇದ್ದುದು 4ಕ್ಕೆ ಇಳಿಯುವುದು, ಇಳಿಯಿತೆಂಬುದು ರೋಗಿಯ ಟಿಪ್ಪಣಿ ಪುಸ್ತಕದಲ್ಲಿ ಅವನದೇ ಕೈಬರಹದಲ್ಲಿ ಕಾಣುವುದು, ಇದೇ ಇಲ್ಲಿ ಗುಣದ ಲಕ್ಷಣ. ವರ್ಷಗಟ್ಟಲೆ ಕೆರಳಿದ ನರಪಥ ಶಾಂತವಾಗಲು ತಿಂಗಳುಗಳೇ ಬೇಕಾಗುವುವು. ಅಷ್ಟು ಕಾಲ ತಾಳ್ಮೆಯಿಂದ ಸಾಧನೆ ನಡೆಸಿದವರಿಗೆ ಗುಳಿಗೆಯ ಹಾಳೆ ಜೇಬಿನಲ್ಲಿರಬೇಕಾದ ಅಗತ್ಯವೇ ಕ್ರಮೇಣ ಕಡಮೆಯಾಗುವುದು.